ಒಟ್ಟಿಗೆ ಪಾಠ ಯೋಜನೆ ಮಾಡುವುದು ನಕಲಲ್ಲ: ಒಂದು ಸ್ಪಷ್ಟನೆ

"ಗುಂಪಿನಲ್ಲಿ ಪಾಠ ಯೋಜನೆ ಅಂದರೆ ಒಬ್ಬರು ಬರೆಯುವುದು, ಉಳಿದವರು ನಕಲು ಮಾಡುವುದು. ಅದಕ್ಕೆ ಸಮಯವೂ ಇಲ್ಲ" ಎಂಬ ಮಾತು ಶಿವಮೊಗ್ಗದ ಬಿ.ಇಡಿ. ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ.

ಜಪಾನಿನ ಶಿಕ್ಷಕರು ನೂರಕ್ಕೂ ಹೆಚ್ಚು ವರ್ಷಗಳಿಂದ ಹೀಗೆ ಕಲಿಯುತ್ತಿದ್ದಾರೆ. ಎಲ್ಲರೂ ಸೇರಿ ಯೋಜಿಸುತ್ತಾರೆ, ಒಬ್ಬರು ಪಾಠ ಮಾಡುತ್ತಾರೆ. ಉಳಿದವರು ಗಮನಿಸುವುದು ಮುಖ್ಯವಾಗಿ ಮಕ್ಕಳನ್ನು. ನನಗೆ ತುಂಬಾ ಇಷ್ಟವಾದದ್ದು ಇದೇ. ಜಲಚಕ್ರದ ಪಾಠ ಅಂದುಕೊಳ್ಳಿ. ಆಗುಂಬೆಯ ಮಗುವೊಂದು "ನಮ್ಮೂರಿಗೇ ಯಾಕೆ ಇಷ್ಟು ಜಾಸ್ತಿ ಮಳೆ?" ಎಂದು ಕೇಳಿತು. ಯೋಜನೆಯಲ್ಲಿ ಘಟ್ಟದ ಮಾತೇ ಇರಲಿಲ್ಲ. ಆಮೇಲೆ ಎಲ್ಲರೂ ಕೂತು ಅದನ್ನೇ ಚರ್ಚಿಸಿ ತಿದ್ದುತ್ತಾರೆ. ಸುಮ್ನೆ ನಕಲು ಮಾಡಿದವರಿಗೆ ಇದು ಸಾಧ್ಯವೇ?

ಇನ್ನು ಸಮಯ. ಶಿಕ್ಷಕರ ತರಬೇತಿಗೆ ನಿಯಮ ರೂಪಿಸುವ ಕೇಂದ್ರ ಸಂಸ್ಥೆಯಾದ ಎನ್‌ಸಿಟಿಇಯ 2014ರ ನಿಯಮ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಅನುಭವಕ್ಕೆಂದೇ 20 ವಾರ ಕೊಟ್ಟಿದೆ.