ಕಿಡ್ನಿ ಕೊಟ್ಟವರ ಪಕ್ಕೆ

ಬೆಂಗಳೂರಿನ ಆಸ್ಪತ್ರೆ ಹೋರ್ಡಿಂಗುಗಳಲ್ಲಿ ಈಗ ಆಪರೇಷನ್ ಮಾಡುವ ರೋಬೋಟಿನದೇ ದರ್ಬಾರು. ಸಣ್ಣ ಗಾಯ, ಕಡಿಮೆ ನೋವು, ಬೇಗ ಮನೆಗೆ. ಇದ್ಯಾವುದೂ ಸುಳ್ಳಲ್ಲ. ಆದರೆ ಕಿಡ್ನಿ ತೆಗೆಯುವ ಆಪರೇಷನ್ನಿನ ಮಟ್ಟಿಗೆ ಯಾರ ಗಾಯ ಸಣ್ಣದಾಗಬೇಕು, ಎಷ್ಟು ಸಣ್ಣದಾದರೆ ಸಾಕು ಅನ್ನೋದು ಆ ಹೋರ್ಡಿಂಗಿನಲ್ಲಿ ಇರಲ್ಲ.

ಕಿಡ್ನಿ ತೆಗೆಸಿಕೊಳ್ಳುವವರಲ್ಲಿ ಎರಡು ಥರ. ಕಲ್ಲು ಕಟ್ಟಿ, ಕೀವು ತುಂಬಿ, ಇಲ್ಲವೇ ಕ್ಯಾನ್ಸರ್ ಬಂದು ಕಿಡ್ನಿ ಕೆಟ್ಟವರು ಒಂದು ಥರ. ಅವರಿಗೆ ಆಪರೇಷನ್ನಿನಿಂದ ಲಾಭ ಇದೆ. ಇನ್ನೊಂದು ಥರದವರು ಗಟ್ಟಿಮುಟ್ಟಾಗಿ ಆಸ್ಪತ್ರೆಗೆ ನಡೆದು ಬಂದು, ಮಗನಿಗೋ ಗಂಡನಿಗೋ ಒಂದು ಕಿಡ್ನಿ ಕೊಟ್ಟು, ನೋವು ಹೊತ್ತು ಹೋಗುವವರು. ಇವರ ಮೈಗೆ ಈ ಆಪರೇಷನ್ನಿನಿಂದ ಎಳ್ಳಷ್ಟೂ ಉಪಯೋಗವಿಲ್ಲ. ಗಾಯ ಸಣ್ಣದು ಮಾಡುವ ವಿದ್ಯೆ ಮೊದಲು ಸಲ್ಲಬೇಕಾದ್ದು ಇವರಿಗೆ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ದೊಡ್ಡಮ್ಮ ತೊಂಬತ್ತರ ದಶಕದಲ್ಲಿ ಮಗನಿಗೆ ಕಿಡ್ನಿ ಕೊಟ್ಟವರು. ಆಗ ಇದ್ದದ್ದು ಓಪನ್ ಒಂದೇ. ಪಕ್ಕೆಯ ಮೇಲೆ ಒಂದು ಗೇಣಿನ ಕೊಯ್ತ, ಮೂರು ಪದರ ಸ್ನಾಯು ಕತ್ತರಿಸಿ, ಎಷ್ಟೋ ಜನಕ್ಕೆ ಕೊನೆಯ ಪಕ್ಕೆಲುಬಿನ ಒಂದು ತುಂಡನ್ನೂ ತೆಗೆದು ಒಳಗೆ ಹೋಗುತ್ತಿದ್ದರು. ಅಣ್ಣ ಆರು ತಿಂಗಳಿಗೆ ಕೆಲಸಕ್ಕೆ ಹೋದ. ದೊಡ್ಡಮ್ಮನಿಗೆ ಮಾತ್ರ ಆಮೇಲೆ ವರ್ಷಗಟ್ಟಲೆ ನೀರಿನ ಕೊಡ ಎತ್ತಲು ಆಗಲಿಲ್ಲ. ಆ ಪಕ್ಕೆ ಉಬ್ಬಿಕೊಂಡೇ ಉಳಿಯಿತು. ಕೇಳಿದರೆ, "ಏನಿಲ್ಲ ಕಣೇ, ಚಳಿಗೆ ಸ್ವಲ್ಪ ಸೆಳೀತದೆ ಅಷ್ಟೇ" ಅನ್ನೋರು. ಮನೆಗೆ ಬಂದವರೆಲ್ಲ ಅಣ್ಣನ ಆರೋಗ್ಯ ವಿಚಾರಿಸಿ ಕಾಫಿ ಕುಡಿದು ಹೋಗುತ್ತಿದ್ದರು. ಆ ಕಾಫಿ ಮಾಡಿಕೊಡುತ್ತಿದ್ದದ್ದೂ ದೊಡ್ಡಮ್ಮನೇ.

ಒಂದು ಕಿಡ್ನಿ ತೆಗೆದರೂ ಮನುಷ್ಯ ಬದುಕಬಹುದು ಅಂತ ತೋರಿಸಿದ್ದು ಜರ್ಮನಿಯ ಹೈಡೆಲ್‌ಬರ್ಗಿನ ಸರ್ಜನ್ ಗುಸ್ತಾವ್ ಸೈಮನ್, 1869ರಲ್ಲಿ. ಮೊದಲು ನಾಯಿಗಳ ಮೇಲೆ ಮಾಡಿ ನೋಡಿ, ಆಮೇಲೆ ಒಬ್ಬ ಹೆಣ್ಣುಮಗಳ ಮೇಲೆ. ಅಲ್ಲಿಂದ ನೂರಿಪ್ಪತ್ತು ವರ್ಷ ಕೊಯ್ತ ದೊಡ್ಡದಾಗಿಯೇ ಉಳಿಯಿತು. 1990ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ ಮತ್ತು ಸಂಗಡಿಗರು 85 ವರ್ಷದ ಅಜ್ಜಿಯೊಬ್ಬರ ಗಡ್ಡೆ ಬೆಳೆದಿದ್ದ ಕಿಡ್ನಿಯನ್ನು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಕೀಹೋಲ್ ಆಪರೇಷನ್ನಿನಲ್ಲಿ, ತೆಗೆದರು. ಸಣ್ಣ ತೂತುಗಳೊಳಗೆ ಕ್ಯಾಮೆರಾ, ಕತ್ತರಿ ಬಿಡುವುದೇನೋ ಸರಿ. ಬಿಡಿಸಿದ ಕಿಡ್ನಿ ಆ ತೂತಿನಿಂದ ಹೊರಗೆ ಬರುವುದು ಹೇಗೆ? ಹೊಟ್ಟೆಯೊಳಗೇ ಅದನ್ನು ಒಂದು ಚೀಲಕ್ಕೆ ತುಂಬಿ, ಅಲ್ಲೇ ಚೂರು ಮಾಡಿ ಹೊರಗೆಳೆದರು.

ಇಲ್ಲೊಂದು ನಮ್ಮವರ ಕಥೆಯೂ ಇದೆ, ಹೇಳದಿದ್ದರೆ ಸಮಾಧಾನ ಇಲ್ಲ. ಕಿಡ್ನಿ ಇರುವುದು ಕರುಳಿನ ಹಿಂದೆ, ಬೆನ್ನಿನ ಕಡೆ. ಹೊಟ್ಟೆಯೊಳಗೆ ಹೋಗದೆ ಹಿಂದಿನಿಂದಲೇ ತಲುಪಬಹುದು, ಆದರೆ ಅಲ್ಲಿ ಉಪಕರಣ ಆಡಿಸಲು ಜಾಗವಿಲ್ಲ, ಬರೀ ಕೊಬ್ಬು. ಬಾಂಬೆ ಹಾಸ್ಪಿಟಲ್‌ನ ಡಾ. ಡಿ. ಡಿ. ಗೌರ್ ರಬ್ಬರ್ ಕೊಳವೆಯ ತುದಿಗೆ ಸರ್ಜಿಕಲ್ ಗ್ಲೌಸಿನ ಬೆರಳು ಕಟ್ಟಿ, ಒಳಗೆ ಬಿಟ್ಟು, ಬಿಪಿ ನೋಡುವ ಬಲ್ಬಿನಿಂದ ಊದಿ ಅಲ್ಲಿ ಜಾಗ ಮಾಡಿಕೊಂಡರು. 1992ರಲ್ಲಿ ಅದನ್ನು ಪ್ರಕಟಿಸಿದರು, ಜಗತ್ತಿನ ಯುರಾಲಜಿಸ್ಟರು (ಕಿಡ್ನಿ, ಮೂತ್ರಕೋಶದ ಸರ್ಜನ್ನರು) ಕಲಿತರು. ಕೋಟಿಗಟ್ಟಲೆಯ ಯಂತ್ರದ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಗ್ಲೌಸಿನ ಬೆರಳು ನೆನಪಾಗುತ್ತೆ.

ದಾನಿಗಳ ಸರದಿ ಬಂದದ್ದು 1995ರಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸರ್ಜನ್ನರಾದ ಲಾಯ್ಡ್ ರ‍್ಯಾಟ್ನರ್ ಮತ್ತು ಲೂಯಿಸ್ ಕವೂಸಿ ದಾನಿಯ ಕಿಡ್ನಿಯನ್ನು ಲ್ಯಾಪರೊಸ್ಕೋಪಿಯಲ್ಲಿ ತೆಗೆದರು. ಇಲ್ಲಿ ಕಿಡ್ನಿಯನ್ನು ಚೂರು ಮಾಡುವ ಹಾಗಿಲ್ಲ. ಅಷ್ಟೇ ಅಲ್ಲ, ಜಾಗ ಮಾಡಿಕೊಳ್ಳಲು ಹೊಟ್ಟೆಯೊಳಗೆ ಊದಿದ ಗ್ಯಾಸಿನ ಒತ್ತಡಕ್ಕೆ ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ, ರಕ್ತನಾಳ ಕತ್ತರಿಸಿದ ಮೇಲೆ ಹೊರತೆಗೆಯಲು ಓಪನ್ನಿಗಿಂತ ಒಂದೆರಡು ನಿಮಿಷ ಹೆಚ್ಚು ಬೇಕು. ಪಡೆಯುವವನ ಕಿಡ್ನಿ ಹಾಳಾದರೆ ಅಂತ ಹಲವರು ತಕರಾರು ತೆಗೆದರು. ನ್ಯಾಯವಾದ ಭಯವೇ. ಕೈ ಪಳಗಿದ ಮೇಲೆ ಫಲಿತಾಂಶ ಓಪನ್ನಿಗೆ ಸಮವಾಗಿ ಬಂತು. ಈಗ ಮೂರು-ನಾಲ್ಕು ತೂತು, ಕಿಡ್ನಿ ಹೊರತೆಗೆಯಲು ಕಿಬ್ಬೊಟ್ಟೆಯಲ್ಲಿ, ಸಿಸೇರಿಯನ್ನಿಗೆ ಕೊಯ್ಯುವ ಜಾಗದಲ್ಲೇ ಆರೇಳು ಸೆಂಟಿಮೀಟರಿನ ಒಂದು ಕೊಯ್ತ. ಪಕ್ಕೆಯ ಸ್ನಾಯು, ಎಲುಬು ಎರಡಕ್ಕೂ ಪೆಟ್ಟಿಲ್ಲ.

ದೊಡ್ಡ ಜಿಗಿತ ಅಲ್ಲಿಗೆ ಮುಗಿಯಿತು ಅಂತ ನನಗನ್ನಿಸುತ್ತದೆ. ಆಮೇಲಿನದು ಸೆಂಟಿಮೀಟರುಗಳ ಪೈಪೋಟಿ. ಹೊಕ್ಕುಳಲ್ಲಿ ಒಂದೇ ತೂತಿನಿಂದ ಮಾಡಿದರು. 2009ರ ಜನವರಿಯಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ದಾನಿಯೊಬ್ಬರ ಕಿಡ್ನಿಯನ್ನು ಯೋನಿಮಾರ್ಗದಿಂದ ಹೊರತೆಗೆದರು (ಕಾಯಿಲೆಯ ಕಿಡ್ನಿಯನ್ನು ಆ ದಾರಿಯಲ್ಲಿ ಮೊದಲೇ ತೆಗೆದಿದ್ದರು). ಪತ್ರಿಕೆಗಳಿಗೆ ಒಳ್ಳೆ ಸುದ್ದಿ. ಎಲ್ಲ ಹೆಂಗಸರಿಗೂ ಆಗದ, ಗಂಡಸರಿಗೆ ಆಗಲೇ ಆಗದ ದಾರಿ ಅದು. ನನಗೆ ಅದರಲ್ಲಿ ಹಿಡಿಸಿದ ಅಂಶ ಒಂದೇ: ದಾನಿಯ ನೋವಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡರಲ್ಲ ಅನ್ನೋದು.

ಗಾಯದ ಅಳತೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ಕಿಡ್ನಿಗೆ ರಕ್ತ ತರುವ ಅಪಧಮನಿಯನ್ನು ಕತ್ತರಿಸಿ ಮುಚ್ಚಲು ಪ್ಲಾಸ್ಟಿಕ್ ಕ್ಲಿಪ್ ಹಾಕುವ ರೂಢಿ ಬಂತು. ಅಗ್ಗ, ಬೇಗ ಆಗುವ ಕೆಲಸ. ಆದರೆ ಪಡೆಯುವವನ ಕಡೆಗೆ ನಾಳ ಉದ್ದ ಬೇಕು, ಹಾಗಾಗಿ ದಾನಿಯ ಕಡೆ ಉಳಿಯುವುದು ಮೋಟು. ಮೋಟು ನಾಳದಿಂದ ಕ್ಲಿಪ್ ಜಾರಿ, ಆರೋಗ್ಯವಂತ ದಾನಿಗಳು ರಕ್ತಸ್ರಾವವಾಗಿ ಸತ್ತರು. ತಯಾರಕರೇ 2006ರಲ್ಲಿ ದಾನಿಗಳಿಗೆ ಇದನ್ನು ಬಳಸಬೇಡಿ ಅಂತ ಬರೆದರು. ಆಮೇಲೂ ಸಾವು ನಿಲ್ಲಲಿಲ್ಲ. 2011ರಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಮತ್ತೆ ಎಚ್ಚರಿಸಬೇಕಾಯಿತು. ಹೊರಗಿನ ಗಾಯ ಮುದ್ದಾಗಿತ್ತು, ಒಳಗೆ ಕಟ್ಟು ಬಿಚ್ಚಿಕೊಂಡಿತ್ತು. ಕಿಡ್ನಿ ಕೊಡಲು ಹೊರಟವರು ಸರ್ಜನ್ನರನ್ನು ಎಷ್ಟು ತೂತು ಅಂತ ಕೇಳುವುದಕ್ಕಿಂತ, ನಾಳವನ್ನು ಯಾವುದರಿಂದ ಮುಚ್ಚುತ್ತೀರಿ, ಪಿನ್ನುಗಳಿಂದ ನಾಳವನ್ನು ಹೊಲಿದುಬಿಡುವ ಸ್ಟೇಪ್ಲರ್ ಹಾಕುತ್ತೀರಾ, ಇದುವರೆಗೆ ಎಷ್ಟು ಮಾಡಿದ್ದೀರಿ ಅಂತ ಕೇಳಲಿ. ಸಂಕೋಚ ಬೇಡ.

ಹೆದರಿಸಲು ಬರೆಯುತ್ತಿಲ್ಲ. ಅಮೆರಿಕದ 80 ಸಾವಿರ ದಾನಿಗಳ ಲೆಕ್ಕದಲ್ಲಿ ಮೂರು ತಿಂಗಳೊಳಗೆ ತೀರಿಕೊಂಡವರು 10,000ಕ್ಕೆ ಮೂವರು. ಈಚಿನ ವರ್ಷಗಳಲ್ಲಿ ಅದು ಒಬ್ಬರಿಗಿಂತ ಕಡಿಮೆಗೆ ಇಳಿದಿದೆ. ಓಪನ್ ಮಾಡಿದರೆ ತಪ್ಪು ಅಂತಲೂ ಅಲ್ಲ. ಕೈ ಪಳಗಿರದ ಕೀಹೋಲಿಗಿಂತ ಪಳಗಿದ ಸರ್ಜನ್ನರ ಓಪನ್ನೇ ವಾಸಿ.

ನನ್ನ ಸಿಟ್ಟು ಬೇರೆ ಕಡೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಅಮ್ಮ, ಹೆಂಡತಿ, ಅಕ್ಕ. ಗಾಯ ಸಣ್ಣದಾದಷ್ಟೂ "ಈಗೆಲ್ಲ ಏನೂ ಗೊತ್ತಾಗಲ್ವಂತೆ, ಮೂರೇ ದಿನಕ್ಕೆ ಮನೆಗೆ ಕಳಿಸ್ತಾರಂತೆ" ಅಂತ ಆಕೆಯನ್ನು ಒಪ್ಪಿಸುವುದು ಸಲೀಸು. ಮೂರನೇ ದಿನ ಬಂದವಳು ನಾಲ್ಕನೇ ದಿನ ಒಲೆ ಮುಂದೆ. ಹೊರಗೆ ಕಾಣುವ ಗಾಯ ಇಲ್ಲವಲ್ಲ! ಒಳಗೆ ಒಂದು ಕಿಡ್ನಿ ಎರಡರ ಕೆಲಸಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಆಕೆಗೆ ವರ್ಷಕ್ಕೊಮ್ಮೆ ಬಿಪಿ, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಸಬೇಕು, ಜೀವನಪೂರ್ತಿ. ಕಿಡ್ನಿ ಪಡೆದವರ ಮಾತ್ರೆ, ಟೆಸ್ಟು, ಚೆಕಪ್ಪಿನ ತಾರೀಖು ಮನೆಯವರಿಗೆಲ್ಲ ಬಾಯಿಪಾಠ. ಕೊಟ್ಟವಳ ಫೈಲು ಬೀರುವಿನ ಯಾವ ಮೂಲೆಯಲ್ಲಿದೆ ಅಂತ ಆಕೆಗೇ ಗೊತ್ತಿರಲ್ಲ.

ನಿಮ್ಮ ಮನೆಯಲ್ಲಿ ಕಿಡ್ನಿ ಕೊಟ್ಟವರು ಯಾರಾದರೂ ಇದ್ದರೆ, ಅವರ ಕ್ರಿಯಾಟಿನಿನ್ ಕೊನೆಯ ಸಲ ನೋಡಿಸಿದ್ದು ಯಾವಾಗ, ಅದರ ದುಡ್ಡು ಕೊಟ್ಟವರು ಯಾರು ಅಂತ ಕಾಮೆಂಟಿನಲ್ಲಿ ಬರೆಯಿರಿ. ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ.