ರೈಲೇರಿದ ಲಾರಿ, ರೈಲೇರಿದ ಕಾರು: ಇಂಧನದ ಲೆಕ್ಕ ಒಂದೇ ಅಲ್ಲ

ಕೊಂಕಣ ರೈಲ್ವೆಯ ರೋ-ರೋ ಗಾಡಿಯನ್ನು ನಮ್ಮ ಕರಾವಳಿಯವರು ಸುರತ್ಕಲ್‌ನಲ್ಲಿ ನೋಡಿಯೇ ಇರುತ್ತಾರೆ. ಸರಕು ತುಂಬಿದ ಲಾರಿಗಳು ಇಳಿಜಾರು ಕಟ್ಟೆಯೇರಿ ಚಪ್ಪಟೆ ವ್ಯಾಗನ್‌ಗಳ ಮೇಲೆ ಒಂದರ ಹಿಂದೊಂದು ಸಾಗಿ ನಿಲ್ಲುತ್ತವೆ. ಚಕ್ರಗಳಿಗೆ ಅಡೆ ಕೊಟ್ಟು ಬಿಗಿದ ಮೇಲೆ ಚಾಲಕ ಮತ್ತು ಕ್ಲೀನರ್ ಅದೇ ಕ್ಯಾಬಿನ್ನಿನಲ್ಲಿ ಕುಳಿತು ಮಹಾರಾಷ್ಟ್ರದ ಕೋಲಾಡ್‌ವರೆಗೆ ಹೋಗುತ್ತಾರೆ. ಈ ಸೇವೆ 1999ರಲ್ಲಿ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಆರಂಭವಾಗಿ, ಬಳಿಕ ಸುರತ್ಕಲ್‌ಗೆ ವಿಸ್ತರಿಸಿತು.

ಇದರಿಂದ ಇಂಧನ ಉಳಿಯುವುದು ನಿಜ. ತುಂಬಿದ ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿತೆಂದರೂ, 700 ಕಿಲೋಮೀಟರಿಗೆ 175 ಲೀಟರ್ ಡೀಸೆಲ್ ಬೇಕು. ಉಕ್ಕಿನ ಗಾಲಿ ಹಳಿಯ ಮೇಲೆ ಉರುಳುವಾಗಿನ ತಡೆಯು ಟೈರು ಡಾಂಬರಿನ ಮೇಲೆ ಉರುಳುವಾಗಿನ ತಡೆಯ ಸುಮಾರು ಕಾಲು ಭಾಗ ಮಾತ್ರ. ಜೊತೆಗೆ, ಸುರಂಗ ಕೊರೆದು, ಸೇತುವೆ ಕಟ್ಟಿ, ಏರನ್ನು 150 ಮೀಟರಿಗೆ 1 ಮೀಟರಿನಷ್ಟಕ್ಕೆ ಮಿತಿಗೊಳಿಸಿದ ದಾರಿಯಿದು. 28 ಟನ್ ತೂಗುವ ಲಾರಿಯೊಂದಿಗೆ 20 ಟನ್ನಿಗೂ ಹೆಚ್ಚು ತೂಕದ ವ್ಯಾಗನ್ನನ್ನು ಎಳೆಯಬೇಕಾದರೂ ಲಾಭ ರೈಲಿನದೇ.

ಇದೇ ಮಾತನ್ನು ಕಾರುಗಳಿಗೂ ಹೇಳುವುದನ್ನು ಮಾತ್ರ ನಾನು ಒಪ್ಪಲಾರೆ. 2025ರ ಆಗಸ್ಟ್‌ನಲ್ಲಿ ಕೋಲಾಡ್–ವೆರ್ಣಾ ನಡುವೆ ಆರಂಭವಾದ ಕಾರು ಸೇವೆಯಲ್ಲಿ ಒಂದು ವ್ಯಾಗನ್ನಿಗೆ ಎರಡು ಕಾರು. ಒಂದು ಟನ್ ತೂಗುವ ಸಣ್ಣ ಕಾರಿನ ಪಾಲಿಗೆ ಹತ್ತು ಟನ್ ಕಬ್ಬಿಣ ಬೀಳುತ್ತದೆ. ಎಂಜಿನ್ ಮತ್ತು ಪ್ರಯಾಣಿಕರ ಬೋಗಿಗಳ ತೂಕ ಬೇರೆ. ಹಳಿಯ ಮೇಲೆ ಗಳಿಸಿದ ಅನುಕೂಲದ ಬಹುಪಾಲು ಈ ಸತ್ತ ತೂಕವನ್ನು ಹೊರುವುದರಲ್ಲೇ ಕರಗುತ್ತದೆ. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರಿನಲ್ಲಿ ನಾಲ್ವರು ಕುಳಿತು ಹೋದರೆ, ಇಂಧನದ ದೃಷ್ಟಿಯಿಂದ ರಸ್ತೆಯೇನೂ ಹಿಂದೆ ಬೀಳುವುದಿಲ್ಲ. ಹಬ್ಬದ ದಿನಗಳ ವಾಹನ ದಟ್ಟಣೆ ಮತ್ತು ಚಾಲನೆಯ ದಣಿವು ತಪ್ಪಿಸಲು ಈ ಸೇವೆ ಇರಲಿ; ಇಂಧನ ಉಳಿತಾಯದ ಹೆಸರಿನಲ್ಲಿ ಅದನ್ನು ಸಮರ್ಥಿಸುವುದು ಬೇಡ.

ಕಾರ್ಖಾನೆಯಿಂದ ಹೊಸ ಕಾರುಗಳನ್ನು ಸಾಗಿಸುವ ಎರಡು ಅಂತಸ್ತಿನ ವ್ಯಾಗನ್‌ಗಳ ವಿಷಯವೇ ಬೇರೆ. ಒಂದೊಂದು ರೈಲಿನಲ್ಲಿ 300ಕ್ಕೂ ಹೆಚ್ಚು ಕಾರುಗಳು ಹೋಗುವುದರಿಂದ ಅಲ್ಲಿ ಸತ್ತ ತೂಕ ಹಂಚಿಹೋಗುತ್ತದೆ.

ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣಗೊಂಡಿದೆ. ನಮ್ಮ ವಿದ್ಯುತ್ತಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದರಿಂದ ಹೊಗೆ ಇಲ್ಲವಾಯಿತೆಂದು ಹೇಳಲಾಗದು. ಆದರೆ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಉಳಿದ ಪ್ರತಿ ಲೀಟರ್ ಡೀಸೆಲ್ಲೂ ಮುಖ್ಯ. ಆದ್ದರಿಂದ ಸುರತ್ಕಲ್‌ನ ವ್ಯಾಗನ್‌ಗಳಲ್ಲಿ ಪೂರ್ತಿ ಭಾರ ಹೊತ್ತ ಲಾರಿಗಳಿಗೆ ಮೊದಲ ಆದ್ಯತೆ ಸಿಗಬೇಕು, ಮತ್ತು ಪ್ರತಿ ಫೇರಿಗೆ ಎಷ್ಟು ಯೂನಿಟ್ ವಿದ್ಯುತ್ ಖರ್ಚಾಗಿ ಎಷ್ಟು ಟನ್ ಸರಕು ಸಾಗಿತೆಂಬ ಲೆಕ್ಕವನ್ನು ರೈಲ್ವೆ ಸಾರ್ವಜನಿಕರ ಮುಂದಿಡಬೇಕು.