ಅವರ ಹೊಲದಲ್ಲಿ ನನಗೆ ದಾರಿ ಇದೆ, ನಮ್ಮೂರಲ್ಲಿ ಇಲ್ಲ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಹೊಳೆದಂಡೆಯ ದೇವಸ್ಥಾನಕ್ಕೆ ನಡೆದೇ ಹೋಗೋಣ ಎಂದು ಹೊರಟೆ. ಕೊಪ್ಪ ತಾಲೂಕಿನ ನಮ್ಮ ಮನೆಯಿಂದ ಗುಡ್ಡ ಇಳಿದರೆ ಕಾಲು ಗಂಟೆಯ ದಾರಿ ಅದು. ಚಿಕ್ಕಪ್ಪ ಜಗುಲಿಯಿಂದಲೇ ಕೂಗಿದರು, "ಆ ದಾರಿ ಈಗ ಇಲ್ಲ ಮಾರಾಯ, ಬೈಕ್ ತಗೊಂಡು ರೋಡಲ್ಲೇ ಹೋಗು." ಆದರೂ ಇಳಿದೆ. ಬೇಲಿ ದಾಟಲು ತಡಮೆ ಇದ್ದ ಜಾಗದಲ್ಲಿ ಸೋಲಾರ್ ತಂತಿ. ಅದರಾಚೆ ಹೊಸ ಕಾಫಿ ಗಿಡ, ಒಂದು ಹೋಂಸ್ಟೇ ಬೋರ್ಡು. ಒಳಗಿಂದ ಬಂದ ಹುಡುಗ "ಯಾರು ಬೇಕಿತ್ತು ಸರ್?" ಅಂದ. ಏಳನೇ ಕ್ಲಾಸಿನವರೆಗೆ ನಾನು ಶಾಲೆಗೆ ಹೋಗಿದ್ದು ಅದೇ ದಾರಿಯಲ್ಲಿ. ಅವನಿಗೆ ಏನು ಹೇಳಲಿ? ಯಾರೂ ಬೇಕಿರಲಿಲ್ಲ, ದಾರಿ ಬೇಕಿತ್ತು.

ನಾನಿರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ, ಮ್ಯಾಂಚೆಸ್ಟರಿನ ಪಕ್ಕ. ಶನಿವಾರ ಮಳೆ ಜೋರಿಲ್ಲ ಅಂದರೆ ಹೆಂಡತಿ, ಮಗಳ ಜೊತೆ ರೈಲು ಹತ್ತಿ ಹೈ ಪೀಕ್ ಕಡೆ ಹೊರಡುತ್ತೇವೆ. ಡರ್ಬಿಶೈರಿನ ಉತ್ತರದ ತುದಿ ಅದು. ಬಹುಭಾಗ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಒಳಗೇ ಬರುತ್ತದೆ. ನಡೆಯಲು ಬೇಕಾದಷ್ಟು ಜಾಗ. ಬಕ್ಸ್‌ಟನ್ನಿನ ಗ್ರಿನ್ ಲೋ ಕಾಡಿನಲ್ಲಿ ಹತ್ತಿದರೆ ತುದಿಯಲ್ಲಿ ಸಾಲೊಮನ್ಸ್ ಟೆಂಪಲ್ ಅನ್ನುವ ಪುಟ್ಟ ಕಲ್ಲಿನ ಗೋಪುರ. ಹಿಂದೆ ಅದು ಸುಣ್ಣ ಸುಡುತ್ತಿದ್ದ ಗುಡ್ಡ. ನ್ಯೂ ಮಿಲ್ಸಿನಿಂದ ಹೇಫೀಲ್ಡಿಗೆ ಎರಡೂವರೆ ಮೈಲಿ ಹಳೇ ರೈಲು ಹಾದಿ. 1970ರಲ್ಲಿ ರೈಲು ನಿಂತಿತು. ಈಗ ಅಲ್ಲಿ ಸೈಕಲ್ಲು, ಕುದುರೆ, ಕೋಲು ಹಿಡಿದ ಅಜ್ಜಂದಿರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು. ಟಿಕೆಟ್ ಇಲ್ಲ, ಬೀಗ ಇಲ್ಲ.

ಇವೆಲ್ಲ ಚೆಂದವೇ. ಆದರೆ ನನ್ನ ಮನಸ್ಸು ನಿಂತಿದ್ದು ಹೊಲದ ನಡುವಿನ ದಾರಿಗಳ ಮೇಲೆ. ಜಮೀನು ಯಾರದೋ. ಸುತ್ತ ಗಾರೆ ಇಲ್ಲದೆ ಪೇರಿಸಿದ ಕಲ್ಲುಗೋಡೆ. ಮೂಲೆಯಲ್ಲಿ ನಮ್ಮ ಕಡೆಯದೇ ಥರದ ತಡಮೆ, ದನ ದಾಟಬಾರದು, ಮನುಷ್ಯ ದಾಟಬಹುದು. ಕಂಬಕ್ಕೆ ಹೊಡೆದ ಹಳದಿ ಬಾಣ. ಆ ಬಾಣ ಇದ್ದರೆ ಯಾರನ್ನೂ ಕೇಳಬೇಕಿಲ್ಲ, ನಡೆಯುತ್ತಾ ಹೋಗಬಹುದು. ಒಮ್ಮೆ ಈಡೇಲ್ ಹತ್ತಿರ ದಾರಿ ನೇರ ಒಬ್ಬರ ಅಂಗಳಕ್ಕೇ ಇಳಿಯಿತು. ಒಂದು ಕಡೆ ಮನೆ, ಇನ್ನೊಂದು ಕಡೆ ಕೊಟ್ಟಿಗೆ, ನಡುವೆ ನಾವು. ನನಗೆ ಎದೆ ಡವಗುಟ್ಟಿತು. ಹೊರಗಡೆಯವನು, ಮೈಬಣ್ಣ ಬೇರೆ, ಯಾರದೋ ಕೊಟ್ಟಿಗೆ ಮುಂದೆ ನಿಂತಿದ್ದೇನೆ. ಬೂಟಿಗೆ ಸಗಣಿ ಮೆತ್ತಿಕೊಂಡ ಮುದುಕರೊಬ್ಬರು ಹೊರಗೆ ಬಂದರು. "ಸರಿಯಾದ ದಾರೀಲೇ ಇದ್ದೀರಿ. ಆಚೆ ಗೇಟು ಹಾಕ್ಕೊಂಡು ಹೋಗಿ, ಕುರಿ ಇದಾವೆ," ಅಂದರು. ಅಷ್ಟೇ. ತಿರುಗಿ ಒಳಗೆ ಹೋದರು. ನಾವು ಯಾರು, ಎಲ್ಲಿಂದ ಬಂದೆವು, ಒಂದೂ ಕೇಳಲಿಲ್ಲ.

ಅದು ಅವರ ಒಳ್ಳೇತನ ಅಂತ ಆಗ ಅಂದುಕೊಂಡೆ. ಒಳ್ಳೇತನ ಇರಬಹುದು, ಆದರೆ ಅದರ ಹಿಂದೆ ಕಾನೂನೂ ಇದೆ. ಹೊಲದ ನಡುವೆ ದಾರಿ ಇದ್ದರೆ ರೈತ ಉಳಬಹುದು, ಬಿತ್ತಬಹುದು. ಆದರೆ ಮೊದಲ ಸಲ ಉತ್ತ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲದ ದಾರಿಯನ್ನು ಮತ್ತೆ ಮಾಡಿಕೊಡಬೇಕು. ಹಾಲಿನ ತಳಿಯ ಹೋರಿ ಹತ್ತು ತಿಂಗಳು ದಾಟಿದ್ದರೆ ದಾರಿ ಇರುವ ಹೊಲದಲ್ಲಿ ಬಿಡುವಂತಿಲ್ಲ. ಅಂಗಡಿಯಲ್ಲಿ ಸಿಗುವ ಆರ್ಡ್‌ನೆನ್ಸ್ ಸರ್ವೇ ನಕ್ಷೆಯಲ್ಲಿ ಒಂದೊಂದು ದಾರಿಯೂ ಹಸಿರು ಚುಕ್ಕೆಗೆರೆಯಾಗಿ ಕಾಣುತ್ತದೆ. ನನ್ನ ಮಗಳು ಆ ಗೆರೆ ನೋಡಿಕೊಂಡೇ ನಮ್ಮನ್ನು ಮುಂದೆ ಕರೆದುಕೊಂಡು ಹೋಗುತ್ತಾಳೆ.

ಇದೇನೂ ಸುಮ್ನೆ ಸಿಕ್ಕಿದ್ದಲ್ಲ. ದಾರಿ ಉಳಿಸುವುದಕ್ಕೇ ಅಂತ ಇಲ್ಲೊಂದು ಸಂಘ 1894ರಲ್ಲಿ ಶುರುವಾಯಿತು, ಪೀಕ್ ಅಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ. ಅವರ ಹಸಿರು ಕಬ್ಬಿಣದ ಫಲಕಗಳು ಈಗಲೂ ಗುಡ್ಡದ ಮೇಲೆ ನಿಂತಿವೆ. ಅಷ್ಟಿದ್ದರೂ ದೊಡ್ಡ ಗುಡ್ಡಗಳು ಮುಚ್ಚಿಯೇ ಇದ್ದವು. ಡ್ಯೂಕ್‌ಗಳು ಗ್ರೌಸ್ ಹಕ್ಕಿ ಬೇಟೆಗೆ ಅಂತ ಇಟ್ಟುಕೊಂಡಿದ್ದ ಜಾಗ, ಕಾವಲಿಗೆ ದೊಣ್ಣೆ ಹಿಡಿದ ಆಳುಗಳು. 1932ರ ಏಪ್ರಿಲ್ 24ರಂದು ನೂರಾರು ಮಂದಿ ಹೇಫೀಲ್ಡಿನಿಂದ ಹೊರಟು ಕಿಂಡರ್ ಸ್ಕೌಟ್ ಗುಡ್ಡಕ್ಕೆ ಬೇಕೆಂದೇ ನುಗ್ಗಿದರು. ಬೆನ್ನಿ ರಾತ್‌ಮನ್ ಎಂಬ ಮ್ಯಾಂಚೆಸ್ಟರಿನ ಹುಡುಗ ಮುಂದಾಳು. ಹೆಚ್ಚಿನವರು ಕೂಲಿ ಮಾಡುವ ಎಳೆಯರು, ವಾರದಲ್ಲಿ ಸಿಗುವ ಒಂದು ರಜೆಯಲ್ಲಿ ಗಾಳಿ ಬೇಕಿತ್ತು ಅವರಿಗೆ. ಐವರು ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು. ಊರೂರಿನ ಕಾಲುದಾರಿಗಳನ್ನು ಪಟ್ಟಿ ಮಾಡಿ ನಕ್ಷೆಗೆ ಏರಿಸಬೇಕು ಎಂದು ಹೇಳಿದ್ದು ಅದೇ ಕಾನೂನು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಅಂದಿನ ಡೆವನ್‌ಶೈರ್ ಡ್ಯೂಕ್ ಹೇಫೀಲ್ಡಿಗೆ ಬಂದು ತನ್ನ ತಾತ ಮಾಡಿದ್ದು ತಪ್ಪು ಎಂದು ಎಲ್ಲರ ಮುಂದೆ ಕ್ಷಮೆ ಕೇಳಿದರು. ಈ ಕತೆಯನ್ನು ಇಲ್ಲಿನವರು ನನಗೆ ಹೇಳುವಾಗಲೆಲ್ಲ ನನಗೆ ನಮ್ಮೂರಿನ ತಂತಿ ಕಣ್ಣಿಗೆ ಬರುತ್ತದೆ. ಸಿಟ್ಟೂ ಬರುತ್ತದೆ.

ಯಾಕೆಂದರೆ ನಮ್ಮಲ್ಲಿ ದಾರಿಗೆ ಕೊರತೆ ಇರಲಿಲ್ಲ. ಗದ್ದೆ ಅಂಚು, ತೋಟದ ನಡುವಿನ ಕಪ್ಪು ಅನ್ನುವ ಕಾಲುವೆ, ಹಳ್ಳಕ್ಕೆ ಅಡಿಕೆಮರದ ಸಂಕ, ಹುಲ್ಲಿನ ಬೇಣ ದಾಟಿ ಕಾನಿನ ಕಾಡೊಳಗೆ ನುಗ್ಗಿದರೆ ಆಚೆ ಊರು. ಮಾಳಿಗೆ ಮನೆಯವರ ಅಂಗಳದಲ್ಲೇ ನಾವು ಶಾಲೆಗೆ ಹೋಗುತ್ತಿದ್ದೆವು. ಯಾರೂ ತಡೆಯುತ್ತಿರಲಿಲ್ಲ. "ಯಾರ ಮನೆ ಮಾಣಿ?" ಅಂತ ಕೇಳುತ್ತಿದ್ದರು, ಹೇಳಿದರೆ ಸಾಕು. ಅಂದರೆ ನಮ್ಮ ದಾರಿ ನಿಂತಿದ್ದು ಪರಿಚಯದ ಮೇಲೆ. ಮಾಳಿಗೆ ಮನೆಯವರು ತೋಟ ಮಾರಿ ಶಿವಮೊಗ್ಗಕ್ಕೆ ಹೋದರು. ಕೊಂಡವರಿಗೆ ನಮ್ಮ ಪರಿಚಯ ಇಲ್ಲ. ಅಷ್ಟರಲ್ಲಿ ಟಾರ್ ರಸ್ತೆ ಬಂದಿತ್ತು, ಮನೆಗೊಂದು ಬೈಕ್ ಬಂದಿತ್ತು. ದಾರಿ ಹೋಗಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಗೊತ್ತಾದವರೂ "ಯಾರ ಹತ್ರ ನಿಷ್ಠೂರ ಕಟ್ಕೊಳ್ಳೋದು" ಅಂತ ಸುಮ್ಮನಾದರು.

ಈಗ ನಮ್ಮಲ್ಲಿ ನಡಿಗೆ ಅಂದರೆ ಟ್ರೆಕ್ಕಿಂಗ್ ಆಗಿಬಿಟ್ಟಿದೆ. ಆನ್‌ಲೈನಲ್ಲಿ ಟಿಕೆಟ್ ಮಾಡಿಸಬೇಕು, ಒಂದು ಚಾರಣಕ್ಕೆ ದಿನಕ್ಕೆ 300 ಜನ ಅಂತ ಮಿತಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದ ಮೇಲೆ ಆ ಮಿತಿ ಬೇಕೇ ಬೇಕಿತ್ತು, ಒಪ್ಪುತ್ತೇನೆ. ಆದರೆ ಅಷ್ಟೊಂದು ಜನ ಒಂದೇ ಗುಡ್ಡಕ್ಕೆ ಯಾಕೆ ಬಂದರು? ಅವರವರ ಊರಿನ ಪಕ್ಕದಲ್ಲಿ ಹಳ್ಳ, ಕೆರೆ ಏರಿ, ಸಣ್ಣ ಗುಡ್ಡ ಸುತ್ತಿ ಬರಲು ದಾರಿ ಇದ್ದಿದ್ದರೆ ಭಾನುವಾರ ಅಲ್ಲೇ ಕಳೆಯುತ್ತಿರಲಿಲ್ವಾ?

ನಮಗೆ ಕಾನೂನು ಇಲ್ಲ ಅಂತ ಯಾರೂ ಹೇಳಬಾರದು. ಹಳೇ ಗ್ರಾಮ ನಕಾಶೆ ತೆಗೆದು ನೋಡಿ. ಕಾಲುದಾರಿ, ಬಂಡಿದಾರಿ ಎರಡನ್ನೂ ಚುಕ್ಕೆಗೆರೆಯಲ್ಲಿ ಬರೆದಿಟ್ಟಿದ್ದಾರೆ. ಸರ್ವೇ ಇಲಾಖೆಯ ಜಾಲತಾಣದಲ್ಲಿ ನಕಾಶೆ ಸಿಗುತ್ತದೆ, ಗಡಿ ಎಲ್ಲಿ ಅಂತ ನೋಡಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದೆ. ನಕಾಶೆಯಲ್ಲಿ ಕಂಡ ದಾರಿಯನ್ನು ಮುಚ್ಚಿದ್ದರೆ ತೆರವು ಮಾಡಿಸಬೇಕು ಅಂತ ತಹಶೀಲ್ದಾರರಿಗೆ ಸರ್ಕಾರದ ಸುತ್ತೋಲೆಯೂ ಇದೆ. 20 ವರ್ಷ ತಡೆಯಿಲ್ಲದೆ ಓಡಾಡಿದರೆ ಹಕ್ಕು ಬರುತ್ತದೆ ಅನ್ನುವುದು ಇಂಗ್ಲೆಂಡಿನ ಕಾನೂನಿನಲ್ಲೂ ಇದೆ, ನಮ್ಮ ಕಾನೂನಿನಲ್ಲೂ ಇದೆ. ವ್ಯತ್ಯಾಸ ಏನೆಂದರೆ ಅಲ್ಲಿ ಅದು ಊರಿನ, ದಾರಿಹೋಕರ ಹಕ್ಕಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಅದು ಒಬ್ಬ ರೈತ ತನ್ನ ಜಮೀನಿಗೆ ಹೋಗುವ ಹಕ್ಕಾಗಿ, ಅಣ್ಣತಮ್ಮಂದಿರ ಕೋರ್ಟು ಕೇಸಾಗಿ ಮುಗಿಯುತ್ತದೆ.

ಇಂಗ್ಲೆಂಡನ್ನು ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ದಾರಿ ಬಿಟ್ಟು ಬೇಕಾದಲ್ಲಿ ಅಲೆಯುವ ಹಕ್ಕು 2000ದ ಕಾನೂನಿನಿಂದ ಬಂದದ್ದು, ಅದೂ ಇಂಗ್ಲೆಂಡಿನ ಸುಮಾರು 8 ಶೇಕಡಾ ನೆಲಕ್ಕೆ ಮಾತ್ರ. ಗುಡ್ಡಗಳ ಮೇಲೆ ಮರವೇ ಕಡಿಮೆ. ನಮ್ಮ ಕಾನಿನಲ್ಲಿ ಒಂದು ಬೆಳಿಗ್ಗೆ ಕೇಳುವಷ್ಟು ಹಕ್ಕಿ ದನಿ ಇಲ್ಲಿ ಒಂದು ತಿಂಗಳು ನಡೆದರೂ ಕೇಳುವುದಿಲ್ಲ. ಇವರಿಗೆ ಆನೆ ಇಲ್ಲ, ಕಾಟಿ ಇಲ್ಲ. ನಮ್ಮವರು ತಂತಿ ಹಾಕುವುದು ಕಾಡುಪ್ರಾಣಿಗೆ ಹೆದರಿ, ಮೆಣಸು ಕದಿಯುವವರಿಗೆ ಹೆದರಿ. ಅದು ನಿಜದ ಕಷ್ಟ. ಮತ್ತೆ, ಇಷ್ಟು ಅಂಗಳ ದಾಟಿದ್ದೇನೆ, ಒಬ್ಬರೂ ಒಂದು ಲೋಟ ನೀರು ಬೇಕಾ ಅಂತ ಕೇಳಿಲ್ಲ. ನಮ್ಮ ಕಡೆ ನೀರು-ಬೆಲ್ಲ ಕೊಡದೆ ಬಿಡುತ್ತಿದ್ದರಾ?

ಆದರೆ ಎಲ್ಲರಿಗೂ ಕೊಡುತ್ತಿದ್ದರಾ? ಇದನ್ನು ಬರೆಯಲು ಮನಸ್ಸು ಹಿಂದೇಟು ಹಾಕುತ್ತದೆ, ಆದರೂ ಬರೆಯಲೇಬೇಕು. ಮಾಳಿಗೆ ಮನೆಯ ಅಂಗಳ ನಮಗೆ ದಾರಿಯಾಗಿತ್ತು. ಹೊಳೆಯಾಚೆ ಕಾಲೋನಿಯಿಂದ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗರಿಗೆ ಅದು ದಾರಿಯಾಗಿರಲಿಲ್ಲ. ಅವರು ತೋಟದ ಸುತ್ತ ತೋಡಿದ ಅಗಳಿನ ಹೊರಗಿಂದ, ಗುಡ್ಡ ಸುತ್ತಿಕೊಂಡು ಬರುತ್ತಿದ್ದರು. "ಯಾರ ಮನೆ ಮಾಣಿ" ಎಂಬ ಪ್ರಶ್ನೆ ಅವರನ್ನು ಅಲ್ಲೇ ನಿಲ್ಲಿಸುತ್ತಿತ್ತು. ಆ ಹಳೇ ಪರಿಚಯದ ದಾರಿಯನ್ನು ಹಾಗೇ ವಾಪಸ್ ಕೊಡಿ ಅಂತ ಕೇಳಲು ಈಗ ನನಗೆ ಬಾಯಿ ಬರುವುದಿಲ್ಲ. ನಕಾಶೆಯಲ್ಲಿ ಇರುವ ದಾರಿ ಬೇಕು, ಹೆಸರು, ಮನೆ ಕೇಳದೆ ಯಾರು ಬೇಕಾದರೂ ನಡೆಯುವ ದಾರಿ.

ನಕಾಶೆಯ ಪ್ರತಿಯನ್ನು ಚಿಕ್ಕಪ್ಪನಿಗೆ ಕಳಿಸಿದ್ದೇನೆ. ಚುಕ್ಕೆಗೆರೆ ಹೊಳೆಯವರೆಗೂ ಸ್ಪಷ್ಟವಾಗಿದೆ. ಕಾಲೋನಿಯ ಮಕ್ಕಳು ಈಗಲೂ ಬಸ್ಸಿಗೆ ಸುತ್ತು ದಾರಿಯಲ್ಲೇ ಬರುತ್ತಾರಂತೆ. ಅರ್ಜಿ ಕೊಡುವುದಾದರೆ ಅವರ ಅಪ್ಪ-ಅಮ್ಮಂದಿರ ಸಹಿ ಮೊದಲು ಹಾಕಿಸಿ, ನಮ್ಮ ಮನೆಯವರದು ಆಮೇಲೆ ಇರಲಿ ಅಂತ ಹೇಳಿದ್ದೇನೆ. ಚಿಕ್ಕಪ್ಪ "ನೋಡೋಣ" ಅಂದಿದ್ದಾರೆ. ಮುಂದಿನ ವಾರ ಮತ್ತೆ ಫೋನ್ ಮಾಡುತ್ತೇನೆ.